ಅಜೆಕಾರಿನ ಮನೆಯ ನೀರು

ಪ್ರೀತಿಯ ಅಪ್ಪ,

ಅಕ್ಕನ ಮದುವೆಯ ದಿನ ನೆನಪುಂಟಾ? ನಿಮ್ಮ ತಂಗಿ ಸರೋಜತ್ತೆ ಊಟದ ಪಂಕ್ತಿಯಲ್ಲಿ, "ಅತ್ತಿಗೆ, ಸಾರಿಗೆ ಉಪ್ಪು ಮರೆತದ್ದಾ?" ಎಂದು ಕೇಳಿದ್ದೇ ತಡ, ಅಮ್ಮ ಕಾಪುವಿನ ಮಾರಿಯಮ್ಮನ ಮೇಲೆ ಆಣೆ ಹಾಕಿಬಿಟ್ಟಳು. ಇನ್ನು ಅಜೆಕಾರಿನ ಅತ್ತೆಯ ಮನೆಯಲ್ಲಿ ತೊಟ್ಟು ನೀರೂ ಮುಟ್ಟುವುದಿಲ್ಲ! ಆಮೇಲೆ ಅಲ್ಲಿಗೆ ಹೋದಾಗಲೆಲ್ಲ ನೀವು ಅಮ್ಮನಿಗೆ ಎಳನೀರಿನ ಬೊಂಡ ಕೆತ್ತಿ ಕೊಡುತ್ತಿದ್ದಿರಿ. "ಇದು ಮರದ ನೀರು ಮಾರಾಯ್ತಿ, ಮನೆಯದ್ದಲ್ಲ." ನೀವು ವಕೀಲರಾಗಬೇಕಿತ್ತು ಅಪ್ಪ. ನೀವು ತೀರಿಹೋದ ಮೇಲೆ ಆ ಹೋಗಿಬರುವಿಕೆಯೂ ನಿಂತಿತು.

ಮಣಿಪಾಲದ ಆಸ್ಪತ್ರೆಯಲ್ಲಿ ಅಮ್ಮನಿಗೆ ರಕ್ತದ ಕ್ಯಾನ್ಸರ್ ಎಂದರು. ಮರುದಿನವೇ ಅತ್ತೆ ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಬಂದರು. ಅಮ್ಮ ಮುಖ ತಿರುಗಿಸಿದಳು. "ಆಣೆ ಇರುವುದು ನಮ್ಮ ಮನೆಗೆ. ಆಸ್ಪತ್ರೆಗೆ ಎಂತ ಆಣೆ ಅತ್ತಿಗೆ? ಬಾಯಿ ತೆಗೆಯಿರಿ!" ನಿಮ್ಮದೇ ತಂಗಿ, ಅಲ್ವಾ? ಅಮ್ಮ ಬಾಯಿ ತೆಗೆದಳು.

ಡಾಕ್ಟರು "ರೆಮಿಷನ್" ಎಂದ ದಿನ ನಾನು ಪಾಠ ಮಾಡುವ ಶಾಲೆಯ ನಿಘಂಟು ತೆಗೆದು ನೋಡಿದೆ. ಕ್ಷಮೆ, ಶಿಕ್ಷೆಯ ಕಡಿತ, ರೋಗದ ಉಪಶಮನ. ಅಮ್ಮನಿಗೆ ಹೇಳಿದರೆ, "ಕಾಯಿಲೆ ನನ್ನನ್ನು ಕ್ಷಮಿಸಿತಾ? ನಾನು ಅದಕ್ಕೆ ಎಂತ ಮಾಡಿದ್ದೆ?" ಎಂದು ಜಗಳಕ್ಕೇ ನಿಂತಳು. ಕಾಯಿಲೆ ಪೂರ್ತಿ ಹೋಗಿದೆ ಅಂತಲ್ಲ, ಸದ್ಯ ಅಡಗಿದೆ ಅಷ್ಟೇ ಎಂದೆ. ಅಮ್ಮ ಅತ್ತೆಯ ಫ್ಲಾಸ್ಕಿನ ಕಡೆ ನೋಡಿದಳು. "ಸರೋಜನ ಮೇಲಿನ ಸಿಟ್ಟೂ ಹಾಗೆಯೇ ಉಂಟು. ಹೋಗಲಿಲ್ಲ, ಅಡಗಿದೆ. ಕ್ಷಮಿಸಲಿಕ್ಕೆ ಅಷ್ಟು ಸಾಕಾ?" ಇದಕ್ಕೆ ವಕೀಲರೇ ಬೇಕು ಅಪ್ಪ. ನೀವಿದ್ದಿದ್ದರೆ...

ಮನೆಗೆ ಹೋಗಬಹುದು ಎಂದಾಗ ಅತ್ತೆ ಹಟ ಹಿಡಿದರು. "ಅಜೆಕಾರಿಗೇ ಬನ್ನಿ, ನಾನು ನೋಡಿಕೊಳ್ಳುತ್ತೇನೆ." ಅಮ್ಮನಿಗೂ ಹೋಗುವ ಆಸೆ. ಆದರೆ ಆಣೆ ಮುರಿದು ಕಾಯಿಲೆ ತಿರುಗಿ ಬಂದರೆ? ಆ ಹೆದರಿಕೆ ನನಗೂ ಇತ್ತು, ಸುಳ್ಳೇಕೆ ಹೇಳಲಿ. ಕೊನೆಗೆ ಕಾಪುವಿನ ಗುಡಿಯ ಅರ್ಚಕರೇ ದಾರಿ ತೋರಿಸಿದರು. "ಮುರಿಯುವುದು ಎಂತಕ್ಕೆ? ಇಬ್ಬರೂ ಒಟ್ಟಿಗೆ ತಪ್ಪುಕಾಣಿಕೆ ಹಾಕಿ, ಮಾರಿಯಮ್ಮನೆದುರು ಆಣೆ ಬಿಡಿಸಿಕೊಳ್ಳಿ." ಅಲ್ಲೂ ಯಾರು ಮೊದಲು ಹಾಕುವುದು ಎಂದು ಪಿಸುಪಿಸು ಜಗಳವಾಯಿತು. ದೇವಿ ನಕ್ಕಿರಬೇಕು.

ನಿಮಗೆ ಹೇಳಬೇಕಾದ ಸುದ್ದಿ ಇನ್ನು ಮುಂದಿನದ್ದು. ಅಜೆಕಾರಿನ ಜಗಲಿಯಲ್ಲಿ ಅತ್ತೆ ಬೆಲ್ಲ, ನೀರು ತಂದಿಟ್ಟರು. ಅಮ್ಮ ಒಂದೇ ಉಸಿರಿಗೆ ಕುಡಿದು, "ಇನ್ನೊಂದು ಲೋಟ ಕೊಡು" ಎಂದಳು. ತರಲು ಹೋದ ಅತ್ತೆ ಬರಲೇ ಇಲ್ಲ. ಒಳಗೆ ನೋಡಿದರೆ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದರು. ಅಮ್ಮ ಮೆಲ್ಲಗೆ ಗೋಡೆ ಹಿಡಿದು ನಡೆದು ಹೋಗಿ, ಆ ಮನೆಯ ಕೊಡದಿಂದ ತಾನೇ ನೀರು ಬಗ್ಗಿಸಿ, ಅತ್ತೆಗೆ ಕುಡಿಸಿದಳು.