ಒಂದು ಪೇಟದ ಋಣ

ಮಾನ್ಯ ಪುರಸಭಾಧ್ಯಕ್ಷರೇ,

ನೀವು ಸತ್ತವರಿಗೂ ಟೋಪಿ ಹಾಕಿದ್ದೀರಿ. ಬೈಗುಳವಲ್ಲ, ಚೌಕಕ್ಕೆ ಬಂದು ನೋಡಿ. ಭಾನುವಾರ ಅನಾವರಣವಾಗಬೇಕಿದ್ದ ಸೈನಿಕನ ಕಲ್ಲಿನ ಪ್ರತಿಮೆಯ ಮುಸುಕು ಮೊನ್ನೆ ಗಾಳಿಗೆ ಎದ್ದಿತು. ತಲೆಯ ಮೇಲೆ ಉಕ್ಕಿನ ಟೋಪಿ, ಕಾಲಬುಡದಲ್ಲಿ 'ನಮ್ಮನ್ನು ಬಿಡಿಸಿದ ಇಂಗ್ಲಿಷ್ ವೀರರಿಗೆ' ಎಂಬ ಬರಹ.

1944ರಲ್ಲಿ ಜರ್ಮನ್ನರಿಂದ ಇಟಲಿಯ ಈ ನಮ್ಮ ಮೊಂತೆರೋವೊವನ್ನು ಬಿಡಿಸಿದವರು ಬ್ರಿಟಿಷ್ ಸೇನೆಯಲ್ಲಿದ್ದ ಪಂಜಾಬಿನ ಸಿಖ್ಖರು. ಪೇಟ ಕಂಡರಿಯದ ನನ್ನ ಮುತ್ತಜ್ಜಿ, "ಅಯ್ಯೋ ಪಾಪ, ಒಬ್ಬರನ್ನೂ ಬಿಡದೆ ತಲೆಗೇ ಹೊಡೆದಿದಾರಲ್ಲ!" ಎಂದು ಅತ್ತು, ಎಲ್ಲರಿಗೂ ಕೋಳಿಸಾರು ಕುಡಿಸಿದಳಂತೆ. ಅವರು ನಡೆದು ಬಂದ ದಾರಿಗೆ ಇವತ್ತಿಗೂ ಗಾಯಾಳುಗಳ ಓಣಿ ಎಂದೇ ಹೆಸರು. ಮುತ್ತಜ್ಜಿಯ ತಪ್ಪಿನಲ್ಲಿ ಕರುಣೆಯಿತ್ತು. ನಿಮ್ಮ ತಪ್ಪಿನಲ್ಲಿ ಏನಿದೆ? ಗುಂಡು ಹಾರುವಾಗಲೂ ಉಕ್ಕಿನ ಟೋಪಿ ಒಲ್ಲೆವೆಂದವರಿಗೆ ಕಲ್ಲಿನಲ್ಲಿ ಅದನ್ನು ತೊಡಿಸಲು ನೀವು ಯಾರು? ಆಳುವವರು ಇತಿಹಾಸವನ್ನು ತಿದ್ದುತ್ತಾರೆಂದು ಕರಪತ್ರಗಳಲ್ಲಿ ಓದಿದ್ದೆ. ಇಷ್ಟು ಒರಟಾದ ಉಳಿಯಿಂದ ಎಂದು ಅವುಗಳಲ್ಲಿ ಬರೆದಿರಲಿಲ್ಲ.

ಮುಸುಕು ಎಳೆಯಲು ನೀವೇ ಕರೆದಿರುವ ನನ್ನ ಅಜ್ಜಿ ಎರ್ಸಿಲಿಯಾಳನ್ನು ನಿಮ್ಮ ಕಚೇರಿಗೆ ಕರೆತಂದಿದ್ದೆ. ನಿಮ್ಮ ಕಾರ್ಯದರ್ಶಿ ನಕ್ಕರು.

"ಪೇಟ ಇಟ್ರೆ ಜನ ಅದನ್ನ ನಮ್ಮೂರ ಡೈರೀಲಿ ಹಾಲು ಕರೆಯೋ ಆ ಪಂಜಾಬಿ ಬಲ್ಕಾರನ ಪ್ರತಿಮೆ ಅಂದ್ಕೋತಾರಜ್ಜಿ."

"ಅಂದ್ಕೊಳ್ಲಿ ಬಿಡಪ್ಪಾ. ಅವನು ಹಾಲು ಕರೆಯದಿದ್ರೆ ನಿನ್ನ ಚೀಸು ಎಲ್ಲಿಂದ ಬರ್ತಿತ್ತು? ಪೇಟ ಇಲ್ದಿದ್ರೆ ನಾನೇ ಎಲ್ಲಿರ್ತಿದ್ದೆ?"

ಅದು ಮಾತಿನ ಚಮತ್ಕಾರವಲ್ಲ. ಆರು ವರ್ಷದ ಅಜ್ಜಿ ಷೆಲ್ಲುಗಳಿಗೆ ಹೆದರಿ ಓಡುತ್ತ ಹಾಳುಬಾವಿಗೆ ಬಿದ್ದಿದ್ದಳು. ಒಬ್ಬ ಸೈನಿಕ ತಲೆಯ ಪೇಟ ಬಿಚ್ಚಿ, ಬಾವಿಗೆ ಇಳಿಬಿಟ್ಟು ಅವಳನ್ನು ಮೇಲೆಳೆದ. ಕೆಸರಾದ ಬಟ್ಟೆಯನ್ನು ಮುತ್ತಜ್ಜಿ ಒಗೆದು ಹಾಕಿದಳು. ಅದು ಒಣಗುವಷ್ಟರಲ್ಲಿ ಅವನ ಪಡೆ ಬೆಟ್ಟ ದಾಟಿ ಹೋಗಿತ್ತು. ಬಟ್ಟೆ ನಮ್ಮಲ್ಲೇ ಉಳಿಯಿತು. ಪ್ರತಿ ವಸಂತದಲ್ಲೂ ಅಜ್ಜಿ ಅದನ್ನು ಒಗೆದು ಬಿಸಿಲಿಗೆ ಹಾಕುತ್ತಾಳೆ, ಕೇಳಿಕೊಂಡು ಯಾರಾದರೂ ಬಂದಾರು ಎಂಬಂತೆ.

ಯಾರೂ ಬರಲಿಲ್ಲ. ಆದ್ದರಿಂದ ಭಾನುವಾರ ನಾವೇ ಬರುತ್ತೇವೆ. ಅಷ್ಟರೊಳಗೆ ಆ ಬರಹವನ್ನು ಕೆತ್ತಿ ಸರಿಪಡಿಸಿ, ಟೋಪಿಯನ್ನು ಒಡೆಸಿ. ಆಗದಿದ್ದರೆ ಟೋಪಿಯ ಮೇಲೆಯೇ ಆ ಪೇಟ ಏರುತ್ತದೆ. ಅಜ್ಜಿ ನಿನ್ನೆ ನನ್ನ ತಲೆಗೆ ಕಟ್ಟಿ ನೋಡಿದಳು. ನಾನು ನಿಜವಾಗಿಯೂ ಗಾಯಾಳುವಿನ ಹಾಗೆಯೇ ಕಂಡೆ. ಹಾಗಾಗಿ ಕಟ್ಟುವ ಕೆಲಸವನ್ನು ಬಲ್ಕಾರ್ ಒಪ್ಪಿಕೊಂಡಿದ್ದಾನೆ.

ಏಣಿ ಹಿಡಿಯುವ ಕೆಲಸ ನಿಮ್ಮದು.

ಇಂತಿ,
ಪೇಟ ಕಟ್ಟಲೂ ಬಾರದ, ಸುಮ್ಮನಿರಲೂ ಬಾರದ
ಓರ್ನೆಲ್ಲಾ
ಗಾಯಾಳುಗಳ ಓಣಿ, ಮೊಂತೆರೋವೊ