ಬೀಗ ಹಾಕುವ ಮೊದಲು

ಪ್ರೀತಿಯ ಅಕ್ಕ,

ಸಂಜೆಯಾದರೆ ಅಮ್ಮ ಬಾಗಿಲಿಗೂ ಅಡುಗೆಮನೆಗೂ ಅಲೆಯುತ್ತಾಳೆ, ಬೀಗ ಹಾಕುವುದೇ ಸರಿ ಎಂದು ನಿನ್ನೆ ನೀನು ಹೇಳಿದೆ. ನಮ್ಮ ಮೃಗಾಲಯದ ಕರಡಿಯೂ ಹೀಗೇ ಅಲೆಯುತ್ತಿತ್ತು ಎಂದು ನಾನಂದರೆ, "ಹೆತ್ತಮ್ಮನ್ನೇ ಕರಡಿ ಮಾಡ್ಬಿಟ್ಯಲ್ಲೇ!" ಎಂದು ರೇಗಿ ಫೋನ್ ಇಟ್ಟೆ. ಉಳಿದ ಮಾತು ಇದು.

ಕರಡಿಗೆ ಚೆಂಡು ಕೊಟ್ಟೆವು, ಟೊಳ್ಳು ಮರದಲ್ಲಿ ಜೇನು ಬಚ್ಚಿಟ್ಟೆವು. ಅಲೆದಾಟ ನಿಲ್ಲಲಿಲ್ಲ. ಊಟದ ಹೊತ್ತನ್ನು ದಿನಕ್ಕೊಂದು ರೀತಿ ಬದಲಿಸಿದ ಮೇಲೆಯೇ ನಿಂತಿತು. ಒಂದೇ ಹೊತ್ತಿಗೆ ಬರುವ ಬಕೆಟ್ಟಿಗಾಗಿ ಅದು ಮಧ್ಯಾಹ್ನದಿಂದಲೇ ಕಾಯುತ್ತಿತ್ತು.

ಇದನ್ನು ಹೊಸಬರಿಗೆಲ್ಲ ಪಾಠ ಹೇಳುವ ನಾನು, ದಿನಾ ಸಂಜೆ ಅದೇ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡುತ್ತೇನೆ. ನಿಮ್ಮಲ್ಲಿ ಫೋನ್ ಇರುವುದೂ ಬಾಗಿಲ ಪಕ್ಕದಲ್ಲೇ. ನನ್ನ ಊಹೆ ತಪ್ಪೂ ಇರಬಹುದು. ಆದರೂ ಇವತ್ತು ಬೆಳಗ್ಗೆಯೇ ಮಾಡಿದ್ದು ಅದಕ್ಕೇ. ಇನ್ನು ಹೊತ್ತಲ್ಲದ ಹೊತ್ತಿಗೆ ಮಾಡುತ್ತೇನೆ. ಬೈದುಕೊಂಡಾದರೂ ಅವಳ ಕೈಗೆ ಕೊಡು. ಸಂಜೆ ಬಟಾಣಿ ಬಿಡಿಸಲು ಕೂರಿಸು, ಅರ್ಧ ನೆಲಕ್ಕೆ ಬಿದ್ದರೂ ಸುಮ್ಮನಿರು. ಸ್ವಲ್ಪ ದಿನ ನೋಡೋಣ, ಅಲ್ಲಿಯವರೆಗೆ ಬೀಗ ಬೇಡ.

ಕರಡಿ ಈಗ ನಾನು ಬಂದರೂ ತಲೆ ಎತ್ತುವುದಿಲ್ಲ. ಅಮ್ಮನೂ ಹಾಗಾದರೆ ನನಗೆ ಹೇಗನಿಸುತ್ತದೋ ತಿಳಿಯದು.

ಸಂಜೆಯಾಯಿತು. ಫೋನ್ ಮುಟ್ಟಬಾರದೆಂದು ಈ ಪತ್ರ ಹಿಡಿದು ಕೂತವಳು, ಆಗಲೇ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ.

ನಿನ್ನ ತಂಗಿ