ನಾನು ತೊಳೆದ ಕಲೆ

ಪುಟ್ಟಿ,

ಮೈಯ ವಾಸನೆ ಹೋಗಲೆಂದು ತೊಳೆದುಕೊಳ್ಳುವ ಔಷಧಿ ನೀರಿನ ಬಾಟಲಿಗೆ ತಿಂಗಳಿಗೆ ನೂರೈವತ್ತು ರೂಪಾಯಿಯಂತೆ ಎಂಟು ತಿಂಗಳು ಸುರಿದೆ. ಡಾಕ್ಟರಮ್ಮನ ಫೀಸು ಬರೀ ಮುನ್ನೂರು.

ಮುಟ್ಟು ನಿಂತು ಆರು ವರ್ಷವಾದ ಮೇಲೆ ಕೆಂಪು ಬೆರೆತ ನೀರು ಹೋಗುತ್ತಿತ್ತು. ಊರವರ ಬಟ್ಟೆಯ ಕಲೆಯನ್ನೆಲ್ಲ ತೆಗೆಯುವವಳು ನಾನು, ಇದನ್ನೂ ಕಲೆಯೆಂದುಕೊಂಡು ಒಳಗೂ ಹೊರಗೂ ತೊಳೆದೆ. ನಿನ್ನೆ ಡಾಕ್ಟರಮ್ಮ, "ಕಲೆ ತೊಳ್ಕೊಂಡ್ರಿ, ರೋಗ ಒಳಗೇ ಬೆಳೀತಲ್ಲಮ್ಮ" ಎಂದರು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಅಂತೆ. ಇವತ್ತು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ.

ನೀನು ಒಳಉಡುಪನ್ನು ಬಕೆಟ್ಟಿನ ತಳದಲ್ಲಿ ಬಚ್ಚಿಟ್ಟರೆ ನನ್ನ ಕಣ್ಣು ತಪ್ಪುತ್ತದೆಯೇ? ಒಡೆದ ಹಾಲಿನಂಥ ಬಿಳುಪು, ಮೇಲೆ ತುರಿಕೆ. ನಿನ್ನ ಪರವಾಗಿ ಕೇಳಿದೆ. ಅದು ಬಹುಶಃ ಬೂಷ್ಟಿನ ಸೋಂಕು, ಔಷಧಿಗೆ ವಾಸಿಯಾಗುತ್ತದಂತೆ. ಮೀನಿನ ವಾಸನೆ ಬಂದರೆ ಕಾರಣ ಬೇರೆ, ನನ್ನದರ ಕಾರಣ ಬೇರೆ. ಪರೀಕ್ಷೆ ಮಾಡದೆ ಯಾವುದೆಂದು ಅವರೂ ಹೇಳುವುದಿಲ್ಲ. ಇವತ್ತು ಹನ್ನೊಂದು ಗಂಟೆಗೆ ಅವರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ನಾಚಿಕೆಯೆಂದು ಮನೆಯಲ್ಲಿ ಕೂತೆಯೋ, ಜೋಕೆ.

ಹೋಟೆಲಿನ ಹಾಸುಬಟ್ಟೆಗಳೆಲ್ಲ ಇಸ್ತ್ರಿಯಾಗಿವೆ. ಹತ್ತಕ್ಕೆ ಬರುತ್ತಾರೆ, ಎಣಿಸಿ ಕೊಟ್ಟು ಹೊರಡು. ನನ್ನ ಬಾಟಲಿಯನ್ನು ಹುಡುಕಬೇಡ, ಬಚ್ಚಲಿಗೆ ಸುರಿದಿದ್ದೇನೆ.

ನಾನು ಎಂಟು ತಿಂಗಳು ಕಳೆದುಕೊಂಡೆ. ನಿನಗೆ ಇನ್ನೂ ನಾಲ್ಕೇ ದಿನ ಆಗಿದೆ.

ಅಮ್ಮ